ಮತಗಟ್ಟೆಗೆ ಕರೆತರುವುದು ಜಾತಿಯೇ?

2024ರ ಮೇ 7ರಂದು ಕೊಲ್ಹಾಪುರ ಮತ್ತು ಹಾತಕಣಂಗಲೆ ಲೋಕಸಭಾ ಕ್ಷೇತ್ರಗಳೆರಡರಲ್ಲೂ ಶೇ. 71ರಷ್ಟು ಮತದಾನವಾಯಿತು. ಮಹಾರಾಷ್ಟ್ರದ ಸರಾಸರಿ ಶೇ. 61ರ ಆಸುಪಾಸಿನಲ್ಲಿತ್ತು, ದಕ್ಷಿಣ ಮುಂಬೈ ಶೇ. 50ರಲ್ಲೇ ತಡವರಿಸಿತು. ಮರಾಠರು, ಲಿಂಗಾಯತರು, ಜೈನರು, ದಲಿತರು, ಮುಸ್ಲಿಮರು ಒಟ್ಟಿಗಿರುವ, ಮರಾಠಿಯ ಜೊತೆ ಕನ್ನಡವೂ ಕಿವಿಗೆ ಬೀಳುವ ಈ ಗಡಿ ಸೀಮೆಯಲ್ಲಿ ಜನರನ್ನು ಸರದಿಗೆ ನಿಲ್ಲಿಸುವುದು ಜಾತಿಯ ಅಭಿಮಾನವೇ?

ಪರ

ಹೌದು ಎನ್ನುವವರಿಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಬರ್ನಾರ್ಡ್ ಫ್ರಾಗಾ ಆಸರೆ. ಒಂದು ಜನಾಂಗದವರು ಕ್ಷೇತ್ರದ ಮತದಾರರಲ್ಲಿ ದೊಡ್ಡ ಪಾಲಾಗಿದ್ದರೆ ಅವರ ಮತದಾನವೂ ಏರುತ್ತದೆ ಎಂದು ಅವರು 2018ರ ‘ದ ಟರ್ನ್‌ಔಟ್ ಗ್ಯಾಪ್’ ಪುಸ್ತಕದಲ್ಲಿ ವಾದಿಸಿದರು. ನಮ್ಮ ಮತಕ್ಕೆ ಬೆಲೆಯಿದೆ ಎನಿಸಿದಾಗ ಜನ ಹೊರಡುತ್ತಾರೆ. ಪಕ್ಷಗಳೂ ಅಂಥವರ ಮನೆಯ ಬಾಗಿಲನ್ನೇ ತಟ್ಟುತ್ತವೆ.

ಇಚಲಕರಂಜಿಯನ್ನು ಒಳಗೊಂಡ ಹಾತಕಣಂಗಲೆಯಲ್ಲಿ 2019ರಲ್ಲಿ ಆದದ್ದನ್ನು ನೋಡಿ. ದಲಿತ–ಮುಸ್ಲಿಂ ಒಗ್ಗಟ್ಟಿನ ಮಾತಾಡಿದ ವಂಚಿತ ಬಹುಜನ ಆಘಾಡಿಯ ಅಸ್ಲಂ ಸಯ್ಯದ್ 1.2 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಕಬ್ಬು ಬೆಳೆಗಾರರ ನಾಯಕ ರಾಜು ಶೆಟ್ಟಿ ಸೋತ ಅಂತರ ಅದಕ್ಕಿಂತ ಕಡಿಮೆ. ತಮ್ಮವರೊಬ್ಬರು ಕಣದಲ್ಲಿದ್ದರೆ ಮತಗಟ್ಟೆಯ ದಾರಿ ಹತ್ತಿರವಾಗುತ್ತದೆ ಎಂಬುದು ಇವರ ಲೆಕ್ಕ.

ವಿರೋಧ

ಹಾಗಾದರೆ ಕಾಗಲ್‌ಗೆ ಏನನ್ನುವುದು? ಗಡಹಿಂಗ್ಲಜ ತಾಲೂಕಿನ ಒಂದಷ್ಟು ಹಳ್ಳಿಗಳೂ ಸೇರಿರುವ ಆ ವಿಧಾನಸಭಾ ಕ್ಷೇತ್ರದಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರು. ಆದರೂ 1999ರಿಂದ 2024ರವರೆಗೆ ಸತತ ಆರು ಚುನಾವಣೆ ಗೆದ್ದವರು ಹಸನ್ ಮುಶ್ರೀಫ್. 2024ರಲ್ಲಿ ಕೊಲ್ಹಾಪುರದ ಲೋಕಸಭಾ ಕಣದಲ್ಲಿ ಎದುರಾದ ಶಾಹು ಛತ್ರಪತಿ ಮತ್ತು ಸಂಜಯ ಮಂಡಲಿಕ್ ಇಬ್ಬರೂ ಮರಾಠರು. ಜಾತಿಗೆ ಜಾತಿ ಎದುರಿಲ್ಲದಿದ್ದರೂ ಸರದಿ ಕರಗಲಿಲ್ಲ.

ಇಲ್ಲಿ ಚುನಾವಣೆ ಐದು ವರ್ಷಕ್ಕೊಮ್ಮೆ ಬರುವ ಅತಿಥಿಯಲ್ಲ. ಸಕ್ಕರೆ ಕಾರ್ಖಾನೆ, ‘ಗೋಕುಳ’ ಹಾಲು ಒಕ್ಕೂಟ, ಜಿಲ್ಲಾ ಬ್ಯಾಂಕು, ಊರಿನ ಸೊಸೈಟಿ ಎಲ್ಲೆಡೆಯೂ ಬಣವಿದೆ, ಪ್ಯಾನೆಲ್ ಇದೆ, ಮತದಾರರನ್ನು ಹೊರಡಿಸುವ ಕಾರ್ಯಕರ್ತರಿದ್ದಾರೆ. ಕಬ್ಬಿನ ದರಕ್ಕಾಗಿ ಬೀದಿಗಿಳಿದೇ ಶೆಟ್ಟಿ 2009 ಮತ್ತು 2014ರಲ್ಲಿ ಲೋಕಸಭೆಗೆ ಹೋದರು. ಸುಳಕೂಡದಿಂದ ಇಚಲಕರಂಜಿಗೆ ದೂಧಗಂಗಾ ನೀರು ತರುವ ಯೋಜನೆ ಬಂದಾಗ ಎದುರುಬದುರಾದದ್ದು ಮಗ್ಗದ ಊರು ಮತ್ತು ಕಾಗಲ್ ಭಾಗದ ರೈತರು, ಜಾತಿಗಳಲ್ಲ.

ಫ್ರಾಗಾ ಅವರ ಲೆಕ್ಕವನ್ನು ಇಲ್ಲಿ ಹಾಕುವುದೂ ಸುಲಭವಲ್ಲ. ಅಮೆರಿಕದ ದಕ್ಷಿಣದ ಕೆಲವು ರಾಜ್ಯಗಳ ಮತದಾರರ ನೋಂದಣಿಯಲ್ಲೇ ಜನಾಂಗ ದಾಖಲಾಗಿರುತ್ತದೆ. ನಮ್ಮ ಪಟ್ಟಿಯಲ್ಲಿ ಹೆಸರು, ವಯಸ್ಸು, ಲಿಂಗ ಇರುತ್ತದೆ, ಜಾತಿಯ ಕಾಲಂ ಇರುವುದಿಲ್ಲ. ಯಾವ ಜಾತಿಯ ಎಷ್ಟು ಜನ ಮತ ಹಾಕಿದರು ಎಂದು ಪತ್ರಿಕೆಗಳಲ್ಲಿ ಬರುವುದೆಲ್ಲ ಸಮೀಕ್ಷೆಯ ಅಂದಾಜು, ಇಲ್ಲವೇ ಪಕ್ಷದ ಕಚೇರಿಯ ಊಹೆ.