ಹೆಸರು ಕ್ಷೀರಸಾಗರ ಭಟ್ಟ, ಒಳಗೆ 60 ವ್ಯಾಟ್

ಪುಣೆಯಲ್ಲಿ ಅನಿಮೇಷನ್ ಓದುತ್ತಿರುವ ಅಕ್ಕನ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಬೇಕಿತ್ತು. ಅವನ ಕೋರ್ಸಿಗೂ, ರಾತ್ರಿ ಅವನಾಡುವ ಆಟಗಳಿಗೂ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು. ಅಂಗಡಿಯಲ್ಲಿ ಅಕ್ಕಪಕ್ಕ ಎರಡು ಲ್ಯಾಪ್‌ಟಾಪ್‌ಗಳಿದ್ದವು. ಎರಡರ ಮೇಲೂ ಆರ್‌ಟಿಎಕ್ಸ್ 4060 ಎಂಬ ಚೀಟಿ. ಬೆಲೆಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. "ತೆಳ್ಳಗಿರೋದೇ ತಗೊಳ್ಳೋಣ ಚಿಕ್ಕಮ್ಮ, ಚಿಪ್ ಒಂದೇ ಅಲ್ವಾ?" ಅಂದ ಹುಡುಗ. ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಎಂದು ನಾನು ಅಂಗಡಿಯವರನ್ನು ಕೇಳಿದೆ. "4060 ಅಂದರೆ 4060, ಮೇಡಂ. ಎಲ್ಲಾ ಒಂದೇ" ಎಂದು ಹಿಂದಿಯಲ್ಲಿ ಉತ್ತರ ಬಂತು.

ಎಲ್ಲಾ ಒಂದೇ ಅಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಬೆಲೆ ಏರಿದೆ ಎಂದು ಎಲ್ಲರೂ ಗೊಣಗುತ್ತಿದ್ದೇವೆ. ಕಾರಣಗಳು ಗುಟ್ಟೇನಲ್ಲ. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳು ಕೇಳಿದ ಬೆಲೆ ಕೊಡುವಾಗ ಅವು ನಮ್ಮ ನಿಮ್ಮ ರ‍್ಯಾಮ್‌ಗೆ ಏಕೆ ತಲೆ ಕೆಡಿಸಿಕೊಳ್ಳುತ್ತವೆ? 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಅದೇ ತಿಂಗಳು ಡಾಲರ್ 90 ರೂಪಾಯಿ ದಾಟಿತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಪರಿಷ್ಕರಣೆಯಾದಾಗ ದೊಡ್ಡ ಟಿವಿಗಳ ತೆರಿಗೆ ಇಳಿಯಿತು, ಲ್ಯಾಪ್‌ಟಾಪಿನದು 18 ಶೇಕಡಾದಲ್ಲೇ ಉಳಿಯಿತು. ಇವು ಯಾವುವೂ ನಮ್ಮ ಕೈಯಲ್ಲಿಲ್ಲ, ಒಪ್ಪೋಣ. ಆದರೆ ದುಬಾರಿ ಬೆಲೆ ತೆತ್ತ ಮೇಲೆ ಕೈಗೆ ಏನು ಬಂತು ಎಂಬುದಾದರೂ ತಿಳಿಯಬೇಡವೇ?

ಎನ್ವಿಡಿಯಾ ಲೆಕ್ಕದಲ್ಲೇ ಲ್ಯಾಪ್‌ಟಾಪಿನ 4060 ಚಿಪ್ಪನ್ನು 35ರಿಂದ 115 ವ್ಯಾಟ್‌ವರೆಗೆ ಎಷ್ಟಕ್ಕಾದರೂ ಕಟ್ಟಿಹಾಕಬಹುದು. ಎಷ್ಟು ಎಂಬುದು ಲ್ಯಾಪ್‌ಟಾಪ್ ಮಾಡುವವರ ಇಷ್ಟ. ಅರ್ಧ ವ್ಯಾಟ್ ಎಂದರೆ ಅರ್ಧ ವೇಗ ಎಂದೇನಲ್ಲ, ನಿಜ. 100 ದಾಟಿದ ಮೇಲೆ ಸಿಗುವ ಲಾಭವೂ ಅಷ್ಟಕ್ಕಷ್ಟೆ. ಆದರೆ 45 ವ್ಯಾಟಿನದಕ್ಕೂ 100 ವ್ಯಾಟಿನದಕ್ಕೂ ಇರುವ ಅಂತರ ಆಟ ಶುರುವಾದ ಕೂಡಲೇ ಕಣ್ಣಿಗೆ ಬೀಳುತ್ತದೆ. ಎರಡಕ್ಕೂ ಹೆಸರು ಮಾತ್ರ ಒಂದೇ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 5070ಗೆ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿನ 5070ಗೆ 8 ಜಿಬಿ. ಹೆಸರು ಅಲ್ಲೂ 5070, ಇಲ್ಲೂ 5070.

ಮೊದಲು ಹೀಗಿರಲಿಲ್ಲ. 2017ರಲ್ಲಿ ಕಡಿಮೆ ವ್ಯಾಟಿನ ಚಿಪ್‌ಗಳು ಬಂದಾಗ ಹೆಸರಿನ ಕೊನೆಗೆ ಮ್ಯಾಕ್ಸ್-ಕ್ಯೂ ಎಂಬ ಬಾಲವಿತ್ತು. ಅದನ್ನು ಕಂಡರೆ ಕೊಳ್ಳುವವರಿಗೆ ವಿಷಯ ತಿಳಿಯುತ್ತಿತ್ತು. 2021ರಲ್ಲಿ 30ರ ಸರಣಿ ಬಂದಾಗ ಆ ಬಾಲ ಕತ್ತರಿಸಿಹೋಯಿತು. ಭಾಷಾವಿಜ್ಞಾನ ಓದಿದವಳಾದ ನನಗೆ ಇದು ಸಣ್ಣ ಸಂಗತಿಯಲ್ಲ. ಒಂದು ಪ್ರತ್ಯಯ ಬಿದ್ದುಹೋದರೆ ಅರ್ಥಭೇದವೂ ಬಿದ್ದುಹೋಗುತ್ತದೆ. ಜನರ ಬಾಯಲ್ಲಿ ಸವೆದು ಹೋದ ಪ್ರತ್ಯಯ ಬೇರೆ, ಮಾರುವವರು ಕಿತ್ತುಹಾಕಿದ್ದು ಬೇರೆ.

"ಆಟದ ಸಾಮಾನಿಗೆ ಇಷ್ಟೊಂದು ರಂಪವೇ?" ಎನ್ನುವವರಿದ್ದಾರೆ. ಇವನ್ನು ಕೊಳ್ಳುವವರಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿಗಳೂ ವಿಡಿಯೊ ಎಡಿಟರ್‌ಗಳೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಇದು ಸಾಲದ ಕಂತಿನಲ್ಲಿ ಬರುವ ಯಂತ್ರ. ಬರೀ ಆಟಕ್ಕೇ ಕೊಂಡರೂ ತೂಕ ಸರಿಯಿರಬೇಕಲ್ಲವೇ? "ವೆಬ್‌ಸೈಟಿನಲ್ಲಿ ಎಲ್ಲಾ ಹಾಕಿರುತ್ತಾರೆ" ಎನ್ನುವವರಿಗೂ ಒಂದು ಮಾತು: ಚಿಪ್ಪಿನ ಹೆಸರು ದಪ್ಪ ಅಕ್ಷರದಲ್ಲಿ ಮೇಲಿರುತ್ತದೆ, ವ್ಯಾಟ್ ಇದ್ದರೆ ಪುಟದ ತಳದಲ್ಲಿ ಇರುವೆ ಅಕ್ಷರದಲ್ಲಿರುತ್ತದೆ.

ಹಾಗಾದರೆ ಕೊಳ್ಳುವುದು ಹೇಗೆ? ವ್ಯಾಟ್ ಎಷ್ಟೆಂದು ಮೊದಲು ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲೋ ಬಿಲ್ಲಿನ ಮೇಲೋ ಬರೆಸಿಕೊಳ್ಳಿ. ಕೆಲವರು ಡೈನಾಮಿಕ್ ಬೂಸ್ಟ್‌ನ 25 ವ್ಯಾಟನ್ನೂ ಸೇರಿಸಿ 140 ಎನ್ನುತ್ತಾರೆ, ಹೋಲಿಸುವಾಗ ಅದನ್ನು ಕಳೆಯಿರಿ. ಮನೆಗೆ ತಂದ ದಿನವೇ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಮಾಹಿತಿ ತೆರೆದರೆ ಗರಿಷ್ಠ ವ್ಯಾಟ್ ಕಾಣುತ್ತದೆ, ತಾಳೆ ನೋಡಿ. ಹೊಸ ಸರಣಿಯ ಮೋಹ ಬೇಡ, ಹಿಂದಿನ ಸರಣಿಯ ಪೂರ್ಣ ವ್ಯಾಟಿನ ಚಿಪ್ ಎಷ್ಟೋ ಸಲ ಉತ್ತಮ. ಗ್ರಾಫಿಕ್ಸ್ ಮೆಮೊರಿ 8 ಜಿಬಿಗಿಂತ ಕಡಿಮೆ ಇದ್ದರೆ ಮುಂದೆ ಪಶ್ಚಾತ್ತಾಪ ಪಡುತ್ತೀರಿ. "ರ‍್ಯಾಮ್ ಆಮೇಲೆ ಹಾಕಿಸಿದರಾಯಿತು" ಎಂಬ ಹಳೆಯ ಸಲಹೆಗೆ ಈಗ ಬೆಲೆಯಿಲ್ಲ, ಬೇಕಾದಷ್ಟು ಮೊದಲೇ ಇರುವುದನ್ನು ಕೊಳ್ಳಿ. ಬಡ್ಡಿಯಿಲ್ಲದ ಇಎಂಐ ಎಂದರೂ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ತಲೆಗೇ ಬರುತ್ತದೆ. ಒಂದೇ ಕಡೆ ಕೂತು ಆಡುವವರಾದರೆ ಡೆಸ್ಕ್‌ಟಾಪಿನ ಬೆಲೆಯನ್ನೂ ವಿಚಾರಿಸಿ.

ಇಷ್ಟೆಲ್ಲ ಜಾಗ್ರತೆಯ ಹೊರೆ ಕೊಳ್ಳುವವರ ಮೇಲೆಯೇ ಏಕೆ? ವಸ್ತುವಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಬೆಲೆಗಳನ್ನು ತಿಳಿಯುವ ಹಕ್ಕು ನಮಗಿದೆ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಎಸಿಗೆ ಎಷ್ಟು ಕರೆಂಟ್ ಬೇಕು ಎಂಬುದನ್ನು ಅದರ ಮೈಮೇಲೆ ಅಂಟಿಸಿಯೇ ಮಾರಬೇಕು. ಲ್ಯಾಪ್‌ಟಾಪಿನ ಮೇಲೂ, ಚಿಪ್ಪಿನ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದರ ವ್ಯಾಟ್ ಇರಬೇಕು. ಕಡ್ಡಾಯವಾಗಿ ಇರಬೇಕು.

ಅಂದು ಅಂಗಡಿಯಲ್ಲೇ ನಿಂತು ಫೋನಿನಲ್ಲಿ ಕಂಪನಿಗಳ ಪುಟಗಳನ್ನು ತಡಕಾಡಿದೆವು. ತೆಳ್ಳಗಿನದು 60 ವ್ಯಾಟ್, ದಪ್ಪಗಿನದು 115. ದಪ್ಪಗಿನದನ್ನೇ ತಂದೆವು. ಚೀಲ ಭಾರ ಎಂದು ಹುಡುಗ ದಿನಾ ಗೊಣಗುತ್ತಾನೆ. ಆದರೆ ಈಗ ಅವನ ಗೆಳೆಯರು ಅಂಗಡಿಗೆ ಹೋದರೆ ಮೊದಲು ಕೇಳುವುದು ವ್ಯಾಟ್ ಎಷ್ಟು ಎಂದೇ. ನೀವೂ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ "ಎಲ್ಲಾ ಒಂದೇ" ಎನ್ನಲು ಅಂಗಡಿಯವರು ಹಿಂಜರಿದಾರು.