ಎರಡು ತಲೆಯೂ ಇಲ್ಲ, ಕೋಟಿ ರೂಪಾಯಿಯೂ ಇಲ್ಲ

ಮುಂಬಯಿ ಉಪನಗರ, ಥಾಣೆ, ರಾಯಗಡ, ಪುಣೆ ಜಿಲ್ಲೆಗಳ ಪೊಲೀಸ್ ಸುದ್ದಿಗಳಲ್ಲಿ ಒಂದು ಹಾವು ಹಲವು ವರ್ಷಗಳಿಂದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮರಾಠಿಯಲ್ಲಿ ಅದು ಮಾಂಡೂಳ. ಊರಿನಲ್ಲಿ ಎರಡು ತಲೆ ಹಾವು, ಮಣ್ಣುಮುಕ್ಕ ಎನ್ನುತ್ತಾರೆ. ಅದು ಯಾರನ್ನೋ ಕಚ್ಚಿ ಸುದ್ದಿಯಾದದ್ದಲ್ಲ. ಚೀಲದಲ್ಲಿ ತುಂಬಿ ಮಾರಲು ಬಂದವರು ಸಿಕ್ಕಿಬಿದ್ದು ಸುದ್ದಿಯಾದದ್ದು. ಡಬ್ಲ್ಯುಸಿಎಸ್-ಇಂಡಿಯಾ ಸಂಸ್ಥೆ ಕಲೆಹಾಕಿದ ಮಾಹಿತಿಯಂತೆ 2016ರಿಂದ 2021ರ ವರೆಗೆ ದೇಶದಲ್ಲಿ ಇಂತಹ 172 ಪ್ರಕರಣಗಳು ಬೆಳಕಿಗೆ ಬಂದಿದ್ದು, ಅವುಗಳಲ್ಲಿ 59 ಮಹಾರಾಷ್ಟ್ರದವು. ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ.

ಹಾವು ಇರುವುದು ಒಣಭೂಮಿಯ ಹೊಲಗಳಲ್ಲಿ, ಗಿರಾಕಿ ಇರುವುದು ನಗರದಲ್ಲಿ. ದಲ್ಲಾಳಿಗೆ ಬೇಕಾದವರು ಈ ಎರಡರ ನಡುವೆ ಓಡಾಡುವ ಜನ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಬಿತ್ತನೆಗೆ ಊರಿಗೆ ಮರಳುವ ಕನ್ನಡಿಗರು ಈ ಮಹಾನಗರಗಳಲ್ಲಿ ಕಡಿಮೆಯಿಲ್ಲ. ಹಾಗಾಗಿ ಇದು ಬರೀ ಪೊಲೀಸರ ಮತ್ತು ಅರಣ್ಯ ಇಲಾಖೆಯ ತಲೆನೋವೆಂದು ಕನ್ನಡ ಸಂಘ-ಸಂಸ್ಥೆಗಳು ಸುಮ್ಮನಿರುವಂತಿಲ್ಲ.

ಮೊದಲಿಗೆ ಹಾವಿನ ವಿಚಾರ. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿ, ಕತ್ತರಿಸಿಟ್ಟಂತೆ ಇರುವುದರಿಂದ ಎರಡೂ ಕಡೆ ತಲೆಯಿದ್ದಂತೆ ಕಾಣುತ್ತದೆ. ಹೆದರಿದಾಗ ಸುರುಳಿ ಸುತ್ತಿ, ತಲೆಯನ್ನು ಸುರುಳಿಯೊಳಗೆ ಅಡಗಿಸಿ, ಬಾಲವನ್ನು ಮೇಲೆತ್ತಿ ತೋರಿಸುತ್ತದೆ. ಏಟು ಬಿದ್ದರೆ ಬಾಲಕ್ಕೆ ಬೀಳಲಿ, ತಲೆ ಉಳಿಯಲಿ ಎಂಬ ಉಪಾಯ. ಪಾಪದ ಜೀವಿಯ ಈ ಉಪಾಯವೇ ಅದಕ್ಕೆ ಮುಳುವಾಯಿತು. ಆರು ತಿಂಗಳು ಒಂದು ಕಡೆಯಿಂದ, ಇನ್ನಾರು ತಿಂಗಳು ಇನ್ನೊಂದು ಕಡೆಯಿಂದ ಹರಿಯುತ್ತದೆ ಎಂಬ ಕಥೆ ಹುಟ್ಟಿತು. ಹಾವಾಡಿಗರು ಅದರ ಬಾಲಕ್ಕೆ ಗಾಯ ಮಾಡಿ, ಬಾಯಿ-ಕಣ್ಣು ಇದ್ದಂತೆ ತೋರಿಸಿ ಕಾಸು ಗಳಿಸಿದ್ದೂ ಉಂಟು.

ವಿಷವಿಲ್ಲದ ಈ ಹಾವು ಹಗಲೆಲ್ಲ ಸಡಿಲ ಮಣ್ಣಿನಲ್ಲಿ, ಮರಳಿನಲ್ಲಿ, ಇಲಿಯ ಬಿಲಗಳಲ್ಲಿ ಹುದುಗಿದ್ದು ಸಂಜೆಯ ನಂತರ ಹೊರಬರುತ್ತದೆ. ಇಲಿ-ಹೆಗ್ಗಣಗಳನ್ನು ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಉದ್ದ ಸಾಮಾನ್ಯವಾಗಿ ಎರಡು-ಮೂರು ಅಡಿ. ಜೋಳ, ಶೇಂಗಾ ಬೆಳೆಯುವ ರೈತನಿಗೆ ಸಂಬಳ ಕೇಳದ ಕಾವಲುಗಾರ. ಅದನ್ನು ಹಿಡಿದು ಮಾರಿದವನ ಹೊಲದಲ್ಲಿ ಇಲಿಗಳಿಗೇ ರಾಜ್ಯಭಾರ.

ಇನ್ನು ಕೋಟಿಯ ಮಾತು. ಇಷ್ಟು ಕಿಲೋ ತೂಗಿದರೆ ಇಷ್ಟು ಕೋಟಿ, ವಿದೇಶದಲ್ಲಿ ಕ್ಯಾನ್ಸರಿಗೆ, ಏಡ್ಸಿಗೆ ಔಷಧ, ಮನೆಯಲ್ಲಿಟ್ಟರೆ ಲಕ್ಷ್ಮಿ ಕಾಲು ಮುರಿದು ಬಿದ್ದಿರುತ್ತಾಳೆ ಎಂಬಿತ್ಯಾದಿ ಕಥೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಇದರಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ತೂಕ ಹೆಚ್ಚಿಸಲು ಹಾವಿನ ಹೊಟ್ಟೆಗೆ ಲೋಹದ ಗುಂಡುಗಳನ್ನು ತುರುಕಿದ ವರದಿಗಳೂ ಬಂದಿವೆ. ಮನೆಗೆ ಲಕ್ಷ್ಮಿಯನ್ನು ಕರೆಯುವ ಕ್ರಮ ಇದೇನೋ! ನಿಜವಾಗಿ ದುಡ್ಡು ಮಾಡುವವರು ಮುಂಗಡ ಪಡೆದು ಮಾಯವಾಗುವ ದಲ್ಲಾಳಿಗಳು. ಹೋಟೆಲಿನಲ್ಲಿ ತಟ್ಟೆ ತೊಳೆದು, ಗಾರೆ ಹೊತ್ತು ಕೂಡಿಟ್ಟ ಹಣ ಕಳೆದುಕೊಂಡವನು ಪೊಲೀಸ್ ಠಾಣೆಗೆ ಹೋಗಿ ಏನೆಂದು ದೂರು ಕೊಟ್ಟಾನು? ಕೊಳ್ಳಲು ಹೊರಟದ್ದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈ ಹಾವನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು ಎಲ್ಲಕ್ಕೂ ಜೈಲು ಮತ್ತು ದಂಡವಿದೆ. ಮೋಸ ಹೋದವನು ಬಾಯಿ ಮುಚ್ಚಿಕೊಂಡಿರುತ್ತಾನೆ ಎಂಬುದೇ ಈ ದಂಧೆಯ ಬಂಡವಾಳ.

ಇದರಲ್ಲಿ ಪ್ರಾಣಾಪಾಯವೂ ಇದೆ. ಇದೇ ಜಾತಿಗೆ ಸೇರಿದ ಇನ್ನೊಂದು ಮಣ್ಣಿನ ಹಾವಿನ ಮೈಮೇಲಿನ ಮಚ್ಚೆಗಳು ಕೊಳಕುಮಂಡಲವನ್ನು ಹೋಲುತ್ತವೆ. ಗುರುತು ತಪ್ಪಿ ಎಷ್ಟೋ ನಿರುಪದ್ರವಿ ಹಾವುಗಳು ದೊಣ್ಣೆಗೆ ಬಲಿಯಾಗುತ್ತವೆ. ಹಣದಾಸೆಗೆ ಬಿದ್ದವನು ಕತ್ತಲಲ್ಲಿ ತದ್ವಿರುದ್ಧವಾಗಿ ತಪ್ಪಿದರೆ ಕೈ ಹಾಕುವುದು ಕೊಳಕುಮಂಡಲಕ್ಕೇ.

ತುಳು-ಕನ್ನಡಿಗರಿಗೆ ನಾಗನ ಮೇಲಿನ ಭಕ್ತಿಯನ್ನು ಯಾರೂ ಕಲಿಸಬೇಕಾಗಿಲ್ಲ. ನಾಗರಪಂಚಮಿಗೆ ತನು ಎರೆಯಲು ಊರಿಗೆ ಹೋಗುವವರು, ನಾಗಬನದ ಜೀರ್ಣೋದ್ಧಾರಕ್ಕೆ ಮುಂಬಯಿಯಿಂದ ಕೈ ತುಂಬ ಕೊಡುವವರು ಇದ್ದಾರೆ. ಬನವೆಂದು ಕಾಡಿನ ತುಣುಕನ್ನು ಉಳಿಸಿದ್ದೂ ಆ ಭಕ್ತಿಯೇ. ಆದರೆ ಹೆಡೆಯಿಲ್ಲದ ಈ ಹಾವಿಗೆ ಬನವಿಲ್ಲ, ಕಲ್ಲಿಲ್ಲ, ಹರಕೆ ಹೊರುವವರಿಲ್ಲ. ದೇವರಾಗಲು ಹೆಡೆ ಬೇಕು, ಸರಕಾಗಲು ಮೊಂಡು ಬಾಲ ಸಾಕು ಎಂಬಂತಾಗಿದೆ. ಇದು ಸರಿಯೇ?

ಸಂಘಗಳು ಮಾಡಬಹುದಾದ್ದು ಬಹಳ ಖರ್ಚಿನದ್ದೇನಲ್ಲ. ನಾಗರಪಂಚಮಿಯ ಆಸುಪಾಸಿನ ಒಂದು ಭಾನುವಾರ ಹಾವುಗಳನ್ನು ಬಲ್ಲ ಒಬ್ಬರನ್ನೋ, ಅರಣ್ಯ ಇಲಾಖೆಯ ಅಧಿಕಾರಿಯನ್ನೋ ಕರೆಸಿ ಚಿತ್ರಗಳ ಸಹಿತ ಮಾತನಾಡಿಸಲಿ. ಸಭಾಂಗಣದಲ್ಲಿ ಕೂರುವ ಪದಾಧಿಕಾರಿಗಳಿಗೆ ಇದನ್ನು ಹೇಳಿ ಹೆಚ್ಚು ಪ್ರಯೋಜನವಿಲ್ಲ. ಶಾಲು-ಹಾರ ಬದಿಗಿಟ್ಟು, ಯುವ ವಿಭಾಗದವರು ಕಟ್ಟಡ ಕಾರ್ಮಿಕರು ತಂಗುವ ಶೆಡ್ಡುಗಳಿಗೆ, ಹೋಟೆಲ್ ಕಾರ್ಮಿಕರ ಕೋಣೆಗಳಿಗೆ ಹೋಗಿ, ಅವರಾಡುವ ಕನ್ನಡದಲ್ಲೇ ತಿಳಿಸಬೇಕು. ಹಾವು ಕಂಡರೆ ಹಿಡಿಯಬೇಡಿ, ಕೊಲ್ಲಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಕೋಟಿಯ ಆಸೆ ಹುಟ್ಟಿಸುವವನಿಗೆ ಹತ್ತು ರೂಪಾಯಿಯ ಮುಂಗಡವನ್ನೂ ಕೊಡಬೇಡಿ ಎಂಬ ನಾಲ್ಕು ಸಾಲಿನ ಕರಪತ್ರ ಸಾಕು. ಮುಂಗಾರಿಗೆ ಊರಿನ ಬಸ್ಸು ಹತ್ತುವ ಮುನ್ನವೇ ಅದು ಅವರ ಕೈ ಸೇರುವಂತಾಗಲಿ.