ಡ್ರೈವ್‌ಗೆ ದುಡ್ಡಿದೆ, ಕೇಬಲ್‌ಗೇಕಿಲ್ಲ?

ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಟ್ಟ ಹಳೆಯ ಬೇರಿಂಗುಗಳನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಗುಂಡುಗಳು ಉರುಳುವ ಜಾಡಿನಲ್ಲಿ ಉತ್ತ ಹೊಲದ ಸಾಲಿನಂತೆ ಒತ್ತೊತ್ತಾಗಿ ಅಡ್ಡಗೆರೆ ಬಿದ್ದಿದ್ದರೆ, ಗ್ರೀಸನ್ನು ದೂರುವ ಮೊದಲು ಆ ಮೋಟಾರಿಗೆ ವೇಗ ಏರಿಳಿಸುವ ಡ್ರೈವ್ ಇತ್ತೇ ಎಂದು ಕೇಳಿ. ಬೇರಿಂಗಿನ ಮೂಲಕ ವಿದ್ಯುತ್ ಹರಿದಾಗ ಮೂಡುವ ಗುರುತದು. ಮಾಲೀಕರು ಮೋಟಾರ್ ಕಂಪನಿಯನ್ನು ಬೈಯುತ್ತಾರೆ, ಮೆಕ್ಯಾನಿಕ್ ಬೇರಿಂಗ್ ಬದಲಿಸುತ್ತಾನೆ. ಕೇಬಲ್ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಡ್ರೈವ್ ಕೊಳ್ಳುವಾಗ ಲೆಕ್ಕ ಪಕ್ಕಾ ಇರುತ್ತದೆ. ಬ್ಲೋವರ್ ವೇಗವನ್ನು ಶೇ 20ರಷ್ಟು ತಗ್ಗಿಸಿದರೆ ಅದು ಎಳೆಯುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕೇಬಲ್ ಮಾತ್ರ ಕಂಟ್ರಾಕ್ಟರ್ ಪಾಲಿಗೆ, ಮೀಟರಿಗಿಷ್ಟು ಎಂಬ ಕಡಿಮೆ ದರಕ್ಕೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ!

ಡ್ರೈವ್ ಹೊರಬಿಡುವುದು ನಯವಾದ 50 ಹರ್ಟ್ಜ್ ಅಲೆಯನ್ನಲ್ಲ. 415 ವೋಲ್ಟನ್ನು ಸುಮಾರು 590 ವೋಲ್ಟ್ ಡಿಸಿ ಮಾಡಿಕೊಂಡು, ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಕಳಿಸುತ್ತದೆ. ಪ್ರತಿ ತುಂಡಿನ ಅಂಚೂ ಬಂಡೆಯಂತೆ ಕಡಿದಾದದ್ದು. ಆ ಅಂಚಿನಲ್ಲಿ ಒಂದಿಷ್ಟು ಕರೆಂಟ್ ಇನ್ಸುಲೇಷನ್ ದಾಟಿ ಭೂಮಿಯತ್ತ ನುಗ್ಗುತ್ತದೆ. ಅದಕ್ಕೆ ಡ್ರೈವ್‌ಗೆ ಮರಳುವ ದಾರಿ ಬೇಕು. ನಾವು ಕೊಡದಿದ್ದರೆ ಕೇಬಲ್ ಟ್ರೇ, ನೀರಿನ ಪೈಪು, ಮೋಟಾರ್ ಶಾಫ್ಟ್, ಪಕ್ಕದ ಸಿಗ್ನಲ್ ವೈರು ಎಂದು ತಾನೇ ಹುಡುಕಿಕೊಳ್ಳುತ್ತದೆ. ಕೇಬಲ್ ಸುತ್ತ ಹೆಣೆದ ತಾಮ್ರದ ಶೀಲ್ಡ್ ಎಂದರೆ ಬರಿಯ ಕೋಟಲ್ಲ, ಈ ಕರೆಂಟಿನ ವಾಪಸು ದಾರಿ.

‘ಆರ್ಮರ್ಡ್ ಹಾಕಿದೀವಲ್ಲ ಸಾರ್’ ಎಂಬ ಉತ್ತರ ಸಿದ್ಧವಿರುತ್ತದೆ. ಆರ್ಮರ್ ಇರುವುದು ಇಲಿ, ಗುದ್ದಲಿಗಳ ಕಾಟಕ್ಕೆ. ಆ ಉಕ್ಕಿನ ತಂತಿ ಹೆಚ್ಚಿನ ಆವರ್ತನಕ್ಕೆ ತಾಮ್ರದ ಹೆಣಿಗೆಯಷ್ಟು ಒಳ್ಳೆಯ ದಾರಿಯಲ್ಲ. ಡ್ರೈವ್ ಕೇಬಲಿನಲ್ಲಿ ಅರ್ತ್ ವೈರನ್ನೇ ಮೂರು ಭಾಗ ಮಾಡಿ ಮೂರು ಫೇಸ್‌ಗಳ ಸಂದಿಗಿಟ್ಟು, ಸುತ್ತ ತಾಮ್ರ ಹೆಣೆದಿರುತ್ತಾರೆ. ಸಾಮಾನ್ಯ ನಾಲ್ಕು ಕೋರಿನಲ್ಲಿ ಈ ಸಮತೋಲ ಸಿಗದು. ಒಂಟಿ ಪಂಪು, ನಾಲ್ಕು ಮೀಟರ್ ದೂರ, ಸುತ್ತ ಯಾವ ಸೆನ್ಸರೂ ಇಲ್ಲ ಎಂದರೆ ಆರ್ಮರ್ಡ್ ಸಾಕೆಂದು ನಾನೂ ಒಪ್ಪುತ್ತೇನೆ. ಆದರೆ ಶೀಲ್ಡ್ ಎಲ್ಲ ರೋಗಕ್ಕೂ ಮದ್ದಲ್ಲ. ಉದ್ದದ ಕೇಬಲಿನ ತುದಿಯಲ್ಲಿ ಅಲೆ ಮರಳಿ ಬಡಿದು ವೋಲ್ಟೇಜ್ 1,200ರ ಹತ್ತಿರ ಹೋಗಬಹುದು. ಅದಕ್ಕೆ ಪಿವಿಸಿ ಬದಲು ಎಕ್ಸ್‌ಎಲ್‌ಪಿಇ ಇನ್ಸುಲೇಷನ್ ಬೇಕು, ಮೋಟಾರ್ ವೈಂಡಿಂಗ್ ಉಳಿಯಲು ಡ್ರೈವ್ ಬಾಯಲ್ಲೇ ಫಿಲ್ಟರೂ ಬೇಕಾದೀತು.

ಒಳ್ಳೆಯ ಕೇಬಲ್ ತಂದೂ ಕೆಡುವುದು ಅದು ಪೆಟ್ಟಿಗೆಯೊಳಗೆ ಹೋಗುವ ಗ್ಲ್ಯಾಂಡ್ ಹತ್ತಿರ. ಹೆಣಿಗೆಯನ್ನು ಬಿಚ್ಚಿ, ತಿರುಚಿ, ಜುಟ್ಟು ಕಟ್ಟಿ ಒಂದು ಸ್ಕ್ರೂ ಕೆಳಗೆ ಸಿಕ್ಕಿಸುತ್ತಾರೆ. ನೋಡಲು ಅಚ್ಚುಕಟ್ಟು. ಹೆಚ್ಚಿನ ಆವರ್ತನಕ್ಕೆ ಆ ನಾಲ್ಕು ಇಂಚಿನ ಜುಟ್ಟೇ ಅಡ್ಡಗೋಡೆ. ಹೆಣಿಗೆಯನ್ನು ಸುತ್ತಲೂ ಅಪ್ಪಿ ಹಿಡಿಯುವ ಗ್ಲ್ಯಾಂಡೋ ಕ್ಲ್ಯಾಂಪೋ ಬೇಕು, ಡ್ರೈವ್ ಮತ್ತು ಮೋಟಾರ್ ಎರಡೂ ಕಡೆ.

ಪ್ರೆಷರ್ ಟ್ರಾನ್ಸ್‌ಮಿಟರಿನ 4–20 ಮಿಲಿಆಂಪ್ ಸಿಗ್ನಲ್ ವೈರಿನದು ಬೇರೆ ಕತೆ. ಅದು ಜೋಡಿಯಾಗಿ ಹೊಸೆದ ಶೀಲ್ಡ್ ಕೇಬಲ್ ಆಗಿರಬೇಕು, ಶೀಲ್ಡನ್ನು ಸಾಮಾನ್ಯವಾಗಿ ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಬೇಕು. ಮೋಟಾರ್ ಕೇಬಲಿನಿಂದ ಒಂದಡಿ ದೂರವಿರಲಿ, ದಾಟಲೇಬೇಕಿದ್ದರೆ ನೇರ ಅಡ್ಡ ದಾಟಲಿ.

ಮುಂದಿನ ಟೆಂಡರಿನಲ್ಲಿ ಡ್ರೈವ್, ಕೇಬಲ್, ಗ್ಲ್ಯಾಂಡ್ ಮೂರನ್ನೂ ಒಂದೇ ಐಟಂ ಆಗಿ ಬರೆಯಿರಿ. ಬಿಲ್ ಪಾಸು ಮಾಡುವ ಮುನ್ನ ಪ್ಯಾನೆಲ್ ಬಾಗಿಲು ತೆಗೆಸಿ, ಒಳಗೆ ಜುಟ್ಟು ಕಂಡರೆ ಸಹಿ ಹಾಕಬೇಡಿ.